ಪತ್ನೀಶಬ್ದವೂ ಯುರೋಪಿನ ಪ್ರವೇಶಾನುಜ್ಞೆಯೂ

ಪರರಾಜ್ಯದ ಗಡಿಯನ್ನು ದಾಟುವವನ ಕೈಯಲ್ಲಿ ಅಧಿಕಾರಿಗಳ ಮುದ್ರೆಯಿರಬೇಕೆಂಬ ಕಟ್ಟಳೆಯು ಪಾಶ್ಚಾತ್ಯರಿಂದ ನಮಗೆ ಬಂದುದೆಂದು ಕೆಲವರು ಎಣಿಸುವುದುಂಟು. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡಿದವರು ಹಾಗೆ ಹೇಳಲಾರರು. ಅದರ ಎರಡನೆಯ ಅಧಿಕರಣದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯು ಬರುತ್ತಾನೆ. ಒಂದು ಮಾಷಕವನ್ನು ಕೊಟ್ಟು ಅವನಿಂದ ಮುದ್ರೆಯನ್ನು ಪಡೆದವನಿಗೆ ಮಾತ್ರ ಜನಪದವನ್ನು ಹೊಗುವುದಕ್ಕೂ ಬಿಡುವುದಕ್ಕೂ ಅವಕಾಶ. ಮುದ್ರೆಯಿಲ್ಲದ ನಾಡಿನವನಿಗೆ 12 ಪಣ ದಂಡ. ಕಳ್ಳಮುದ್ರೆ ಹಿಡಿದವನಿಗೆ ಪೂರ್ವಸಾಹಸದಂಡ, ಅವನು ಪರದೇಶದವನಾದರೆ ಉತ್ತಮಸಾಹಸದಂಡ. ಸುಂಕದ ಮೊತ್ತವು ಬದಲಾಗಿದೆಯೆಂಬುದನ್ನು ಬಿಟ್ಟರೆ ವ್ಯವಸ್ಥೆಯ ಸ್ವರೂಪವು ಇಂದಿಗೂ ಹೆಚ್ಚು ಬದಲಾಗಿಲ್ಲ.

ಸ್ವದೇಶದವರು ಕೊಡುವುದು ರಹದಾರಿ, ಪರದೇಶದವರು ಅದರ ಮೇಲೆ ಒತ್ತುವುದು ವೀಸಾ. ಈ ಎರಡನೆಯ ಶಬ್ದವು ಲ್ಯಾಟಿನ್ ಭಾಷೆಯದು. 'ನೋಡಲ್ಪಟ್ಟದ್ದು' ಎಂದು ಅದರ ಅರ್ಥ. ಅದರ ಧಾತುವು ನಮ್ಮ ವಿದ್ ಧಾತುವಿಗೆ ಸೋದರವೆಂದು ಭಾಷಾಶಾಸ್ತ್ರಜ್ಞರು ಒಪ್ಪಿರುವುದರಿಂದ ವೇದಶಬ್ದಕ್ಕೂ ವೀಸಾಶಬ್ದಕ್ಕೂ ದೂರದ ನಂಟಸ್ತಿಕೆಯುಂಟು. ಅರ್ಥವು ಮಾತ್ರ ಬಹಳ ಕೆಳಗಿಳಿದಿದೆ. ಯುರೋಪಿನ ಪ್ರಜೆಯೊಬ್ಬನನ್ನೋ ಒಬ್ಬಳನ್ನೋ ಮದುವೆಯಾದ ಪರದೇಶೀಯರಿಗೆ ಈ ವೀಸಾ ವಿಷಯದಲ್ಲಿ ಏನಾದರೂ ಅಧಿಕಾರವಿದೆಯೋ, ಇದ್ದರೆ ಅದು ಎಲ್ಲಿಂದ ಹುಟ್ಟುತ್ತದೆ ಎಂಬುದೇ ಈ ಲೇಖನದ ವಿಚಾರ.

ಪೆರಾಬೆಯಂಥ ಊರಿಗೆ ಇದರ ಗೊಡವೆ ಏಕೆಂದು ಕೇಳಬಹುದು. ಹಿಂದೆ ಪುತ್ತೂರು ತಾಲೂಕಿಗೆ ಸೇರಿದ್ದು ಈಗ ಕಡಬ ತಾಲೂಕಿನಲ್ಲಿರುವ ಈ ಸೀಮೆಯಲ್ಲಿ ಅಡಕೆ, ರಬ್ಬರುಗಳ ತೋಟಗಳ ನಡುವಿನಿಂದ ದಾದಿಯ ವೃತ್ತಿಯನ್ನು ಕಲಿತು ಐರ್ಲೆಂಡ್, ಜರ್ಮನಿ ಮುಂತಾದ ದೇಶಗಳಿಗೆ ಹೋದ ಹೆಣ್ಣುಮಕ್ಕಳಿದ್ದಾರೆ. ಯಂತ್ರಶಾಸ್ತ್ರ, ವೈದ್ಯಶಾಸ್ತ್ರಗಳನ್ನು ಓದಿ ಹೋದ ಗಂಡುಮಕ್ಕಳೂ ಇದ್ದಾರೆ. ಹೋದವರು ಕೆಲವು ವರ್ಷಗಳ ಮೇಲೆ ಅಲ್ಲಿಯ ಪ್ರಜೆಗಳಾಗುತ್ತಾರೆ. ನಮ್ಮ ಕಾಯಿದೆಯು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲವಾದ್ದರಿಂದ, 1955ರ ಪೌರತ್ವ ಕಾಯಿದೆಯ 9ನೆಯ ಪ್ರಕರಣದಂತೆ ಆ ಕ್ಷಣದಲ್ಲಿ ಭಾರತದ ಪೌರತ್ವವು ಬಿಟ್ಟುಹೋಗುತ್ತದೆ. ಆದರೆ ಮದುವೆಯು ಬಹಳ ಮಟ್ಟಿಗೆ ಊರಿನಲ್ಲಿಯೇ, ಊರಿನವರೊಡನೆಯೇ ನಡೆಯುತ್ತದೆ. ಹೀಗೆ ಒಂದೇ ಚಪ್ಪರದ ಕೆಳಗೆ ಕೈಹಿಡಿದ ಇಬ್ಬರು ಎರಡು ರಾಜ್ಯಗಳ ಪ್ರಜೆಗಳಾಗುವುದುಂಟು. ಶಾಸ್ತ್ರಗ್ರಂಥಗಳ ಸಂಪ್ರದಾಯದಂತೆ ವರನನ್ನು ದೇವದತ್ತನೆಂದು ಕರೆಯೋಣ. ಅವನು ಪೆರಾಬೆಯವನು, ಭಾರತದ ಪ್ರಜೆ. ಅವನ ಹೆಂಡತಿಯು ಐರ್ಲೆಂಡಿನ ಪ್ರಜೆಯಾದ ದಾದಿ. ಇಬ್ಬರೂ ಕೂಡಿ ಪ್ಯಾರಿಸ್ ನಗರವನ್ನು ನೋಡಬೇಕೆಂದಿದ್ದಾರೆ.

ಇಲ್ಲಿ ಎರಡು ಪೂರ್ವಪಕ್ಷಗಳು ಏಳುತ್ತವೆ. ಮದುವೆಯೇ ಸಾಕು, ಯುರೋಪಿನ ಪ್ರಜೆಯ ಕೈಹಿಡಿದವನಿಗೆ ಯುರೋಪೆಲ್ಲವೂ ತೆರೆದ ಬಾಗಿಲು ಎಂದು ಒಂದು ಪಕ್ಷ. ಮದುವೆಯಿಂದ ಏನೂ ಇಲ್ಲ, ವೀಸಾ ಎಂಬುದು ಅಧಿಕಾರಿಯ ಅನುಗ್ರಹ, ಬ್ಯಾಂಕಿನ ಲೆಕ್ಕ, ಜಮೀನಿನ ಪಹಣಿ, ಸಂಬಳದ ಚೀಟಿ ಎಲ್ಲವನ್ನೂ ತೋರಿಸಿ ಕೈಕಟ್ಟಿ ನಿಲ್ಲಬೇಕು ಎಂದು ಇನ್ನೊಂದು ಪಕ್ಷ. ಮೊದಲನೆಯದು ಮದುವೆಮನೆಗಳಲ್ಲಿ ಕೇಳಿಬರುವ ಮಾತು, ಎರಡನೆಯದು ಅರ್ಜಿ ಬರೆದುಕೊಡುವ ಮಧ್ಯವರ್ತಿಗಳ ಮಾತು. ಎರಡೂ ಸರಿಯಲ್ಲ.

ಯುರೋಪೀಯ ಒಕ್ಕೂಟವು 2004ನೆಯ ಇಸವಿ ಏಪ್ರಿಲ್ 29ರಂದು ಹೊರಡಿಸಿದ 38ನೆಯ ನಿರ್ದೇಶನವು ಈ ವಿಷಯದಲ್ಲಿ ಮೂಲಪ್ರಮಾಣ. 27 ಸದಸ್ಯರಾಷ್ಟ್ರಗಳಲ್ಲದೆ ನಾರ್ವೆ, ಐಸ್‌ಲೆಂಡ್, ಲಿಕ್ಟನ್‌ಸ್ಟೈನ್‌ಗಳಿಗೂ ಅದು ಅನ್ವಯಿಸುತ್ತದೆ. ಸ್ವಿಟ್ಜರ್ಲೆಂಡಿನದು ಬೇರೆ ಒಪ್ಪಂದ. ಒಕ್ಕೂಟದ ಪ್ರಜೆಯು ತನ್ನ ದೇಶವನ್ನು ಬಿಟ್ಟು ಇನ್ನೊಂದು ಸದಸ್ಯರಾಷ್ಟ್ರಕ್ಕೆ ಹೋದಾಗ ಅಥವಾ ಅಲ್ಲಿ ನೆಲೆಸಿದಾಗ, ಆ ಪ್ರಜೆಯ ಜೊತೆಯಲ್ಲಿ ಹೋಗುವ ಅಥವಾ ಅಲ್ಲಿಗೆ ಹೋಗಿ ಕೂಡಿಕೊಳ್ಳುವ ಗಂಡ ಅಥವಾ ಹೆಂಡತಿಗೆ, ಅವರು ಯಾವ ದೇಶದವರೇ ಆಗಿರಲಿ, ಪ್ರವೇಶದ ಅಧಿಕಾರವಿದೆಯೆಂದು ಅದು ವಿಧಿಸುತ್ತದೆ. ಈ ವಾಕ್ಯದಲ್ಲಿ ವಾಚಕರು ಗಮನಿಸತಕ್ಕ ಪದವು ಮದುವೆಯಲ್ಲ, 'ಬಿಟ್ಟು' ಎಂಬುದು. ಪ್ರಜೆಯು ಗಡಿಯನ್ನು ದಾಟಿದಾಗ ಅಧಿಕಾರವು ಹುಟ್ಟುತ್ತದೆ. ದಾಟದೆ ತನ್ನ ಮನೆಯಲ್ಲಿಯೇ ಕುಳಿತಿದ್ದರೆ ಹುಟ್ಟುವುದಿಲ್ಲ.

ವ್ಯಾಕರಣವನ್ನು ಓದಿದವರಿಗೆ ಇದು ಹೊಸ ರೀತಿಯ ವಿಧಿಯಾಗಿ ಕಾಣದು. ಪತಿಶಬ್ದದಿಂದ ಪತ್ನೀಶಬ್ದವನ್ನು ಸಾಧಿಸುವಾಗ ಪಾಣಿನಿಯು ನಾಲ್ಕನೆಯ ಅಧ್ಯಾಯದಲ್ಲಿ ಒಂದು ನಿಯಮವನ್ನಿಟ್ಟಿದ್ದಾನೆ: ಯಜ್ಞದೊಡನೆ ಸಂಬಂಧವಿರುವಾಗ ಮಾತ್ರ ಆ ರೂಪ. ಪತಿಯೊಡನೆ ಯಜ್ಞದಲ್ಲಿ ಸೇರಿ ಅದರ ಫಲಕ್ಕೆ ಭಾಗಿಯಾಗುವವಳು ಪತ್ನಿ. ಕೇವಲ ಮದುವೆಯಿಂದ ಭಾರ್ಯೆಯಾಗಬಹುದು, ಈ ಶಬ್ದಕ್ಕೆ ಮಾತ್ರ ಯಜ್ಞಸಂಯೋಗವು ಬೇಕು. ಅದಿಲ್ಲದ ಕಡೆಯಲ್ಲಿಯೂ ಲೋಕವು ಪತ್ನಿಯೆನ್ನುವುದನ್ನು ಕಂಡು ಮಹಾಭಾಷ್ಯಕಾರನು ಉಪಮಾನದಿಂದ ಅದನ್ನು ಸಮರ್ಥಿಸಿದನು. ಯುರೋಪಿನ ಶಾಸನದಲ್ಲಿ ಯಜ್ಞದ ಸ್ಥಾನದಲ್ಲಿ ಇರುವುದು ಗಮನ. ಗಮನಸಂಯೋಗವಿದ್ದರೆ ದೇವದತ್ತನು ಶಾಸನದ ಅರ್ಥದಲ್ಲಿ 'ಪತಿ'. ಇಲ್ಲದಿದ್ದರೆ ಬರಿಯ ಗಂಡ.

ಇದರ ಫಲವು ವಿಚಿತ್ರವಾಗಿದೆ. ದೇವದತ್ತನು ಹೆಂಡತಿಯೊಡನೆ ಪ್ಯಾರಿಸ್ಸಿಗೆ ಹೋಗುವುದಾದರೆ ಫ್ರಾನ್ಸು ಅವನಿಗೆ ಈ ನಿರ್ದೇಶನದಂತೆ ವೀಸಾ ಕೊಡಬೇಕು. ಹೆಂಡತಿಯ ಮನೆಯಿರುವ ಡಬ್ಲಿನ್ನಿಗೆ ಹೋಗುವುದಾದರೆ ನಿರ್ದೇಶನವು ತಟಸ್ಥವಾಗುತ್ತದೆ. ಅಲ್ಲಿ ಐರ್ಲೆಂಡಿನ ಸ್ವಂತ ಕಾಯಿದೆಯೇ ಪ್ರಮಾಣ. ಹೆಂಡತಿಯು ಡಬ್ಲಿನ್ನಿನಲ್ಲಿಯೇ ಇದ್ದು ಅವನೊಬ್ಬನೇ ಪ್ಯಾರಿಸ್ಸಿಗೆ ಹೋಗುವುದಾದರೂ ಅಧಿಕಾರವಿಲ್ಲ, ಏಕೆಂದರೆ ಜೊತೆಯಲ್ಲಿ ಹೋಗುವುದಾಗಲಿ ಕೂಡಿಕೊಳ್ಳುವುದಾಗಲಿ ಅಲ್ಲಿಲ್ಲ. ಜರ್ಮನಿಯ ಉದಾಹರಣೆಯು ಇನ್ನೂ ಸ್ಪಷ್ಟ. ಜರ್ಮನಿಯಲ್ಲಿಯೇ ನೆಲೆಸಿರುವ ಜರ್ಮನ್ ಪ್ರಜೆಯನ್ನು ಮದುವೆಯಾಗಿ ಅಲ್ಲಿ ಸಂಸಾರ ಹೂಡಬೇಕೆನ್ನುವ ಪುತ್ತೂರಿನ ಹುಡುಗಿಯು, 2007ರಿಂದ ಬಂದಿರುವ ಅಲ್ಲಿಯ ಕಾಯಿದೆಯಂತೆ, ಸಾಮಾನ್ಯವಾಗಿ ಮೊದಲು ಜರ್ಮನ್ ಭಾಷೆಯ ಆರಂಭದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅದೇ ಬರ್ಲಿನ್ನಿನಲ್ಲಿ ವಾಸಿಸುವ ಇಟಲಿಯ ಪ್ರಜೆಯನ್ನು ಮದುವೆಯಾದರೆ ಆ ಪರೀಕ್ಷೆಯಿಲ್ಲ! ಮನೆಯ ಮಗನ ಹೆಂಡತಿಗೆ ಅಡ್ಡಬಾಗಿಲು, ಅತಿಥಿಯ ಹೆಂಡತಿಗೆ ತಲೆಬಾಗಿಲು. ಅಲ್ಲಿಯ ವಿದ್ವಾಂಸರು ಇದನ್ನು ವಿಪರೀತ ಭೇದವೆಂದು ಕರೆದು ಚರ್ಚಿಸಿದ್ದಾರೆ. ನಿರ್ದೇಶನದ ಉದ್ದೇಶವು ಕುಟುಂಬದ ರಕ್ಷಣೆಯಲ್ಲ, ಪ್ರಜೆಗಳ ಸಂಚಾರಕ್ಕೆ ವಿಘ್ನವಿರಬಾರದೆಂಬುದು. ಹೆಂಡತಿಯನ್ನು ಬಿಟ್ಟುಬರಬೇಕಾದರೆ ಪ್ರಜೆಯು ಹೊರಡಲಾರನೆಂಬುದರಿಂದ ಹೆಂಡತಿಗೆ ಅಧಿಕಾರ. ಮೀಮಾಂಸಕರ ಮಾತಿನಲ್ಲಿ ಇದು ಅಂಗ, ಪ್ರಜೆಯ ಗಮನವು ಅಂಗಿ. ತರ್ಕವು ಶುದ್ಧವಾಗಿದೆಯೆಂದು ಒಪ್ಪಬಹುದು. ನ್ಯಾಯವೆಂದು ಒಪ್ಪುವುದು ನನಗೆ ಕಷ್ಟ.

ಈ ತರ್ಕವನ್ನು ಅದರ ಕೊನೆಯವರೆಗೂ ಎಳೆದ ವ್ಯವಹಾರವೊಂದರಲ್ಲಿ ಪಕ್ಷಗಾರನಾಗಿದ್ದವನು ಭಾರತೀಯನೇ. ಸುರಿಂದರ್ ಸಿಂಗ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ವ್ಯವಹಾರದಲ್ಲಿ, ಬ್ರಿಟಿಷ್ ಪ್ರಜೆಯನ್ನು 1982ರಲ್ಲಿ ಮದುವೆಯಾದ ಭಾರತೀಯನು ಹೆಂಡತಿಯೊಡನೆ 1983ರಿಂದ 1985ರವರೆಗೆ ಜರ್ಮನಿಯಲ್ಲಿ ದುಡಿದು, ಇಬ್ಬರೂ ಬ್ರಿಟನ್ನಿಗೆ ಹಿಂದಿರುಗಿದರು. ಹೆಂಡತಿಯು ತನ್ನ ದೇಶಕ್ಕೆ ಮರಳಿದ ಮೇಲೆ ಗಂಡನಿಗೆ ಒಕ್ಕೂಟದ ಶಾಸನವು ಅನ್ವಯಿಸದೆಂದು ಬ್ರಿಟಿಷ್ ಸರ್ಕಾರವು ವಾದಿಸಿತು. ಲಕ್ಸೆಂಬರ್ಗಿನ ನ್ಯಾಯಸ್ಥಾನವು 1992ನೆಯ ಇಸವಿ ಜುಲೈ 7ರಂದು ಆ ವಾದವನ್ನು ತಳ್ಳಿತು. ಮರಳುವಾಗ ಗಂಡನನ್ನು ಕರೆತರಲಾಗದೆಂದು ತಿಳಿದರೆ ಪ್ರಜೆಯು ಮೊದಲೇ ಹೊರಡುತ್ತಿರಲಿಲ್ಲ. ಆದುದರಿಂದ ಮರಳುವುದೂ ಗಮನದಲ್ಲಿಯೇ ಸೇರಿದ್ದು. ದೇವದತ್ತನಿಗೆ ಇದರಿಂದ ಒಂದು ದಾರಿಯು ತೋರುತ್ತದೆ: ದಂಪತಿಗಳು ಫ್ರಾನ್ಸಿನಲ್ಲಿ ನಿಜವಾಗಿ ಸಂಸಾರ ಮಾಡಿ ಆ ಮೇಲೆ ಐರ್ಲೆಂಡಿಗೆ ಹೋದರೆ ಅಲ್ಲಿಯೂ ಅವನು ಶಾಸನದ 'ಪತಿ'ಯೇ. ವಾರಾಂತ್ಯದ ಪ್ರವಾಸಗಳು ಇದಕ್ಕೆ ಸಾಲವೆಂದು ಅದೇ ನ್ಯಾಯಸ್ಥಾನವು 2014ರಲ್ಲಿ ಹೇಳಿರುವುದನ್ನು ಮರೆಯಕೂಡದು.

ಬ್ರಿಟನ್ನು ಸ್ವತಃ 2020ನೆಯ ಇಸವಿ ಜನವರಿ 31ರಂದು ಒಕ್ಕೂಟವನ್ನು ಬಿಟ್ಟಿತು. ಆ ವರ್ಷದ ಕೊನೆಗೆ ಸಂಧಿಕಾಲವೂ ಮುಗಿಯಿತು. ಈಗ ಹೊಸದಾಗಿ ಬ್ರಿಟಿಷ್ ಪ್ರಜೆಯನ್ನು ಮದುವೆಯಾದವರಿಗೆ ಈ ಲೇಖನದಲ್ಲಿ ಹೇಳಿದ ಯಾವ ಅಧಿಕಾರವೂ ಆ ಮದುವೆಯಿಂದ ಬರುವುದಿಲ್ಲ. ಹಳೆಯ ಕೈಪಿಡಿಗಳನ್ನು ನಂಬಿದವರು ಇಲ್ಲಿ ಎಡವುತ್ತಾರೆ.

ಮದುವೆಯು ಎಲ್ಲಿ, ಯಾವಾಗ ನಡೆದಿರಬೇಕೆಂಬ ಪ್ರಶ್ನೆಯು 2008ರಲ್ಲಿ ಮೆಟಾಕ್ ಎಂಬ ವ್ಯವಹಾರದಲ್ಲಿ ತೀರ್ಮಾನವಾಯಿತು. ಎಲ್ಲಿ ನಡೆದರೂ, ಪ್ರಜೆಯು ಹೊರಡುವ ಮೊದಲು ನಡೆದರೂ ಅನಂತರ ನಡೆದರೂ ಸಾಕು. ಪೆರಾಬೆಯ ಮನೆಯಂಗಳದ ಮದುವೆಗೂ ರೋಮಿನ ಇಗರ್ಜಿಯ ಮದುವೆಗೂ ಈ ವಿಷಯದಲ್ಲಿ ತಾರತಮ್ಯವಿಲ್ಲ. ಗಂಡಹೆಂಡಿರಿಬ್ಬರೂ ಗಂಡಸರು ಅಥವಾ ಇಬ್ಬರೂ ಹೆಂಗಸರು ಆಗಿದ್ದರೆ ಎಂಬುದು 2018ರಲ್ಲಿ ಬಂದ ಪ್ರಶ್ನೆ. ನಿರ್ದೇಶನದ ಶಬ್ದದಲ್ಲಿ ಲಿಂಗವಿವಕ್ಷೆಯಿಲ್ಲವೆಂದು ನ್ಯಾಯಸ್ಥಾನವು ಉತ್ತರಿಸಿತು. ಸ್ವರ್ಗಕಾಮನಾದವನು ಯಜ್ಞವನ್ನು ಮಾಡಬೇಕೆಂಬ ವಿಧಿಯಲ್ಲಿ ಪುಲ್ಲಿಂಗವಿರುವುದರಿಂದ ಸ್ತ್ರೀಗೆ ಅಧಿಕಾರವಿಲ್ಲವೆಂದು ಐತಿಶಾಯನನು ಹೇಳಿದಾಗ, ಬಾದರಾಯಣನ ಮತವನ್ನೆತ್ತಿ ಅಲ್ಲಿ ಲಿಂಗವು ಅವಿವಕ್ಷಿತವೆಂದು ಜೈಮಿನಿಯು ಆರನೆಯ ಅಧ್ಯಾಯದಲ್ಲಿ ಸಿದ್ಧಾಂತಮಾಡಿದ್ದಾನೆ. ಪ್ರಮೇಯಗಳು ಬೇರೆಯಾದರೂ ವಾಕ್ಯವನ್ನು ಅರ್ಥಮಾಡುವ ಕ್ರಮವು ಒಂದೇ.

ಇನ್ನು ಅಧಿಕಾರದ ಸ್ವರೂಪ. ವೀಸಾ ಬೇಡವೆಂದಲ್ಲ, ಭಾರತದ ರಹದಾರಿಯುಳ್ಳವನು ಅದನ್ನು ಪಡೆಯಲೇಬೇಕು. ಆದರೆ ಅದನ್ನು ಧರ್ಮಾರ್ಥವಾಗಿ, ಆದಷ್ಟು ಬೇಗನೆ, ಶೀಘ್ರಕ್ರಮದಿಂದ ಕೊಡಬೇಕೆಂದು ನಿರ್ದೇಶನದ 5ನೆಯ ವಿಧಿಯಿದೆ. ಷೆಂಗೆನ್ ರಾಷ್ಟ್ರಗಳಿಗೆ ಹೋಗುವ ಸಾಮಾನ್ಯ ಪ್ರವಾಸಿಯು 2024ನೆಯ ಇಸವಿ ಜೂನ್ 11ರಿಂದ 90 ಯೂರೋ ಶುಲ್ಕವನ್ನು ಕೊಡುತ್ತಾನೆ. ದೇವದತ್ತನು ಅದನ್ನು ಕೊಡಬೇಕಾದುದಿಲ್ಲ. ಅರ್ಜಿಯಲ್ಲಿ ಕೆಲವು ಅಂಕಣಗಳ ಎದುರಿಗೆ ನಕ್ಷತ್ರದ ಗುರುತಿದೆ. ವೃತ್ತಿ, ಧಣಿಯ ಹೆಸರು, ಪ್ರವಾಸದ ವೆಚ್ಚ ಮುಂತಾದವುಗಳ ಅಂಕಣಗಳವು. ಅವನ್ನು ಇಂಥವನು ತುಂಬಬೇಕಾಗಿಲ್ಲ. ಅವನು ತೋರಿಸತಕ್ಕದ್ದು ಮೂರೇ: ತಾನು ಇಂಥವನು, ಇಂಥ ಪ್ರಜೆಯ ಗಂಡನು, ಆ ಪ್ರಜೆಯು ತನ್ನ ಜೊತೆಯಲ್ಲಿ ಬರುತ್ತಾಳೆ ಅಥವಾ ಅಲ್ಲಿ ತನ್ನನ್ನು ಕೂಡಿಕೊಳ್ಳುತ್ತಾಳೆ. ಅಡಕೆ ಮಾರಿದ ಲೆಕ್ಕದ ಪುಸ್ತಕವನ್ನು ಒಯ್ಯುವುದು ವ್ಯರ್ಥ. ಬೇಡದ ಕಾಗದಗಳ ರಾಶಿಯನ್ನು ಮಾಡಿಸಿ ಹಣ ಕೀಳುವ ಮಧ್ಯವರ್ತಿಗಳಿದ್ದಾರೆ. ಸಾಮಾನ್ಯ ಪ್ರವಾಸಿಯಂತೆ ಅರ್ಜಿ ಹಾಕಿಸಿ, ಆದಾಯವು ಸಾಲದೆಂಬ ಉತ್ತರವನ್ನು ತರಿಸಿಕೊಟ್ಟವರೂ ಇದ್ದಾರೆ. ಶಾಸನದ ಪ್ರಕಾರ ಇಂಥ ಅರ್ಜಿಯನ್ನು ನಿರಾಕರಿಸುವುದಕ್ಕೆ ಕಾರಣಗಳು ಬಹಳ ಕಡಮೆ: ಸಾರ್ವಜನಿಕ ಶಾಂತಿ, ಭದ್ರತೆ, ಆರೋಗ್ಯ, ಇಲ್ಲವೆ ಮದುವೆಯೇ ಕೃತಕವೆಂಬ ಮೋಸ. ಕಾರಣವನ್ನು ಬರೆದು ತಿಳಿಸಬೇಕು, ಮೇಲ್ಮನವಿಗೆ ಅವಕಾಶವನ್ನೂ ಕೊಡಬೇಕು.

ಹೀಗೆ ಹೋದವನು ಮೂರು ತಿಂಗಳವರೆಗೆ ಇರಬಹುದು. ಅದಕ್ಕೂ ಹೆಚ್ಚು ಕಾಲ ನೆಲೆಸಬೇಕಾದರೆ ಪ್ರಜೆಯು ಅಲ್ಲಿ ಉದ್ಯೋಗದಲ್ಲಿಯೋ ವ್ಯಾಸಂಗದಲ್ಲಿಯೋ ಇರಬೇಕು, ಇಲ್ಲವೆ ಜೀವನಕ್ಕೆ ಸಾಕಷ್ಟು ಅನುಕೂಲವುಳ್ಳವನಾಗಿರಬೇಕು. ಆಗ ಗಂಡ ಅಥವಾ ಹೆಂಡತಿಗೆ ಅರ್ಜಿಯಿತ್ತ ಆರು ತಿಂಗಳೊಳಗೆ ನಿವಾಸಪತ್ರವು ದೊರೆಯಬೇಕು. ಈ ನಿರ್ದೇಶನದಂತೆ ದೊರೆತ ನಿವಾಸಪತ್ರವುಳ್ಳವನು ಹೆಂಡತಿಯೊಡನೆ ಇತರ ಸದಸ್ಯರಾಷ್ಟ್ರಗಳಿಗೆ ವೀಸಾ ಇಲ್ಲದೆ ಹೋಗಬಹುದು. ಆದರೆ ಐರ್ಲೆಂಡಿನ ಸ್ವಂತ ಕಾಯಿದೆಯಂತೆ ಅಲ್ಲಿಯ ಪ್ರಜೆಯ ಗಂಡನಾಗಿ ದೊರೆತ ಚೀಟಿಯು ಆ ಬಗೆಯದಲ್ಲ. ಎರಡೂ ನೋಡುವುದಕ್ಕೆ ಒಂದೇ ತೆರನಾಗಿರುವುದರಿಂದ ವಿಮಾನ ನಿಲ್ದಾಣದಲ್ಲಿ ತಡೆಯಲ್ಪಡುವವರುಂಟು.

ಕೊನೆಗೆ, ಕೆಲಸವು ಕೆಡುವುದು ಸಾಮಾನ್ಯವಾಗಿ ಯುರೋಪಿನಲ್ಲಲ್ಲ, ಇಲ್ಲಿಯೇ. ಸಪ್ತಪದಿಯಿಂದ ಮದುವೆಯು ಪೂರ್ಣವಾಯಿತೆಂಬುದು ಶಾಸ್ತ್ರಕ್ಕೂ 1955ರ ಹಿಂದೂ ವಿವಾಹ ಕಾಯಿದೆಗೂ ಸಮ್ಮತ. ಆದರೆ ಲಗ್ನಪತ್ರಿಕೆಯೂ ಭಾವಚಿತ್ರವೂ ಪರದೇಶದ ಕಛೇರಿಗೆ ಸಾಲವು. ಉಪನೋಂದಣಾಧಿಕಾರಿಯ ಕಛೇರಿಯಲ್ಲಿ ಮದುವೆಯನ್ನು ದಾಖಲು ಮಾಡಿಸಬೇಕು. ವಧೂವರರ ಮತಗಳು ಬೇರೆಯಾಗಿದ್ದರೆ 1954ರ ವಿಶೇಷ ವಿವಾಹ ಕಾಯಿದೆಯ ದಾರಿ. ಅಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸಿಸಿರಬೇಕು, ನೋಟೀಸಿಗೆ ಮತ್ತೆ 30 ದಿನ ಕಾಯಬೇಕು. ರಜೆಯ ಮೇಲೆ ಬಂದ ವಧುವಿನ ಕಡೆಯವರು ಈ ಲೆಕ್ಕವನ್ನು ಮುಹೂರ್ತಕ್ಕಿಂತ ಮೊದಲು ನೋಡುವುದು ಲೇಸು. ಪತ್ರವು ಬಂದ ಮೇಲೆ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಮುದ್ರೆಯನ್ನು ಹಾಕಿಸಬೇಕಾಗಬಹುದು. ಆ ಒಪ್ಪಂದದಲ್ಲಿ ಭಾರತವು 2005ನೆಯ ಇಸವಿ ಜುಲೈ 14ರಿಂದ ಸೇರಿದೆ. ಭಾರತವು ಸೇರಿದಾಗ ಜರ್ಮನಿಯು ಆಕ್ಷೇಪಿಸಿತಾದ್ದರಿಂದ ಆ ದೇಶಕ್ಕೆ ಕೊಡುವ ಪತ್ರಗಳ ಕ್ರಮವನ್ನು ಅವರ ಕಛೇರಿಯಿಂದಲೇ ಕೇಳಿ ತಿಳಿಯಬೇಕು.

ಎಲ್ಲಕ್ಕಿಂತ ಹೆಚ್ಚಿನ ತೊಡಕು ಹೆಸರಿನದು. ನಮ್ಮ ಜಿಲ್ಲೆಯಲ್ಲಿ ಒಬ್ಬನೇ ಮನುಷ್ಯನು ಶಾಲೆಯ ಪುಸ್ತಕದಲ್ಲಿ ತಂದೆಯ ಹೆಸರಿನ ಮೊದಲಕ್ಷರದೊಡನೆಯೂ, ಪಹಣಿಯಲ್ಲಿ ಮನೆಯ ಹೆಸರಿನೊಡನೆಯೂ, ರಹದಾರಿಯಲ್ಲಿ ಭಟ್, ರೈ, ಗೌಡ ಮುಂತಾದ ಉಪನಾಮದೊಡನೆಯೂ ಇರುತ್ತಾನೆ. ನಮಗೆ ಇದು ಒಂದೇ ಹೆಸರು, ಪರದೇಶದ ಗುಮಾಸ್ತನಿಗೆ ಮೂವರು ಮನುಷ್ಯರು. ಊರಿನ ಹೆಸರಿನಲ್ಲಿಯೂ ಹಾಗೆಯೇ: ಒಂದು ಅಕ್ಷರವು ತಪ್ಪಿ ಪೆರಾಬೆಯು ಪೆರಾಜೆಯಾದರೆ ಮದುವೆಯು ದಕ್ಷಿಣ ಕನ್ನಡದಿಂದ ಕೊಡಗು ಜಿಲ್ಲೆಗೆ ಹೋಗಿಬಿಡುತ್ತದೆ. ದಾಖಲೆಯ ಪುಸ್ತಕದಲ್ಲಿ ರುಜು ಹಾಕುವ ಮುನ್ನ ಇಬ್ಬರ ರಹದಾರಿಗಳನ್ನೂ ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಕೂಡಿಸಿ ನೋಡತಕ್ಕದ್ದು. ಅನಂತರ ತಿದ್ದಿಸುವುದಕ್ಕೆ ತಿಂಗಳುಗಳೇ ಹಿಡಿಯಬಹುದು.