ಉಯ್ಯಾಲೆಯ ಜೀಕು, ಜಗದ ಮೊದಲ ಕಣಗಳು

ಚಾಮರಾಜನಗರದ ಕರಿಕಲ್ಲಿಗೆ ದೇಶ ವಿದೇಶಗಳಲ್ಲಿ ಹೆಸರಿದೆ. ಕ್ವಾರಿಯಿಂದ ಎದ್ದ ಒಂದೊಂದು ದಿಮ್ಮಿಗೂ ನೂರಾರು ಕೋಟಿ ವರ್ಷಗಳ ವಯಸ್ಸು. ಅದರೊಳಗಿನ ಕಬ್ಬಿಣ, ಆಮ್ಲಜನಕ ಇನ್ನೂ ಹಳೆಯವು. ಸೂರ್ಯನಿಗಿಂತ ಮುಂಚಿನ ನಕ್ಷತ್ರಗಳ ಒಡಲಲ್ಲಿ ಬೆಂದು ಬಂದವು. ಆ ನಕ್ಷತ್ರಗಳಿಗೆ ಸರಕು ಒದಗಿಸಿದ ಕಣಗಳು ಎಲ್ಲಿಂದ ಬಂದವು? 'ಮಹಾಸ್ಫೋಟದಿಂದ' ಎಂದುಬಿಡುವುದು ಸುಲಭ. ಆದರೆ ಅದು ಉತ್ತರವಲ್ಲ, ಪ್ರಶ್ನೆಗೇ ಇಟ್ಟ ಇನ್ನೊಂದು ಹೆಸರು.

ಕಣಗಳು ಈಗಲೂ ಎಲ್ಲೆಲ್ಲೂ ಸದಾ ಹುಟ್ಟುತ್ತಿವೆ ಎಂದು 1948ರಲ್ಲಿ ಇಂಗ್ಲೆಂಡಿನ ಫ್ರೆಡ್ ಹಾಯ್ಲ್ ವಾದಿಸಿದ್ದರು. ಆ ವಾದ ನಿಲ್ಲಲಿಲ್ಲ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡಿನ ಮೂಲಕ ಊಟಿಗೆ ಹೋದರೆ, ಬೆಟ್ಟದ ಇಳಿಜಾರಿನಲ್ಲಿ 530 ಮೀಟರ್ ಉದ್ದದ ರೇಡಿಯೊ ದೂರದರ್ಶಕ 1970ರಿಂದ ನಿಂತಿದೆ. ಅದನ್ನು ಕಟ್ಟಿದ ಗೋವಿಂದ ಸ್ವರೂಪ್ ಮತ್ತು ವಿಜಯ್ ಕಪಾಹಿ 1975ರಲ್ಲಿ ರೇಡಿಯೊ ಗೆಲಾಕ್ಸಿಗಳ ಗಾತ್ರದ ಅಳತೆಗಳಿಂದ, ವಿಶ್ವ ಕಾಲಕ್ರಮದಲ್ಲಿ ಬದಲಾಗುತ್ತ ಬಂದಿದೆ ಎಂಬ ಪಕ್ಷಕ್ಕೆ ಬಲ ತಂದರು. ಎಂದರೆ, ಕಣಗಳ ಹುಟ್ಟನ್ನು ಮೊದಲ ಗಳಿಗೆಯಲ್ಲೇ ಹುಡುಕಬೇಕು.

1981ರಲ್ಲಿ ಅಮೆರಿಕದ ಅಲನ್ ಗುತ್ ಮುಂದಿಟ್ಟ ವಾದದಂತೆ, ಸುಮಾರು 1380 ಕೋಟಿ ವರ್ಷಗಳ ಹಿಂದೆ ವಿಶ್ವ ಕ್ಷಣದ ಅತ್ಯಲ್ಪ ಪಾಲಿನಲ್ಲಿ ಊಹೆಗೆ ನಿಲುಕದಷ್ಟು ಹಿಗ್ಗಿತು. ಇದನ್ನು ತಜ್ಞರು 'ಇನ್‌ಫ್ಲೇಶನ್' ಎನ್ನುತ್ತಾರೆ. (ಬೆಲೆಯೇರಿಕೆಗೂ ಅದೇ ಪದ!) ಈ ವಾದಕ್ಕೆ ಒಂದು ಫಜೀತಿ ಅಂಟಿಕೊಂಡಿತ್ತು. ಅಷ್ಟು ಹಿಗ್ಗಿದ ಮೇಲೆ ಇದ್ದಬದ್ದ ಕಣಗಳೆಲ್ಲ ಚದುರಿ, ವಿಶ್ವ ತಣ್ಣಗೆ ಬರಿದಾಗಿರಬೇಕು. ಉಳಿದದ್ದು ಎಲ್ಲೆಡೆ ಹರಡಿದ್ದ ಒಂದು ಕ್ಷೇತ್ರದ ಶಕ್ತಿ ಮಾತ್ರ. ಬಟ್ಟಲಿಗೆ ಬಿಟ್ಟ ಗೋಲಿಯಂತೆ ಆ ಕ್ಷೇತ್ರ ಅತ್ತಿತ್ತ ತುಯ್ದಾಡತೊಡಗಿತು.

ತುಯ್ದಾಟದಿಂದ ಕಣ ಹುಟ್ಟುವುದು ಹೇಗೆ? ಹುಣಸೆಮರಕ್ಕೆ ಹಗ್ಗ ಕಟ್ಟಿ ನಿಂತು ಜೀಕುವ ಹುಡುಗಿಯನ್ನು ನೋಡಿದವರಿಗೆ ಅರ್ಧ ಅರ್ಥವಾದಂತೆಯೇ. ಅವಳನ್ನು ಯಾರೂ ನೂಕುವುದಿಲ್ಲ. ಉಯ್ಯಾಲೆ ತುದಿ ಮುಟ್ಟಿದಾಗ ಕುಕ್ಕರಿಸುತ್ತಾಳೆ, ಕೆಳಗೆ ಬಂದಾಗ ಎದ್ದು ನಿಲ್ಲುತ್ತಾಳೆ. ಒಂದು ಸಲ ಹೋಗಿ ಬರುವಷ್ಟರಲ್ಲಿ ಎರಡು ಬಾರಿ. ಅಷ್ಟರಿಂದಲೇ ಜೀಕು ಏರುತ್ತದೆ, ಬಡ್ಡಿಗೆ ಬಡ್ಡಿ ಸೇರಿದಂತೆ. ಆದರೆ ಉಯ್ಯಾಲೆ ಪೂರ್ತಿ ನಿಂತಿದ್ದರೆ ಎಷ್ಟು ಕುಕ್ಕರಿಸಿದರೂ ಅದು ಕದಲದು. ಚೂರು ಅಲುಗಾಟ ಮೊದಲೇ ಇರಬೇಕು. ಕ್ವಾಂಟಂ ನಿಯಮದ ಪ್ರಕಾರ ಬರಿದಾದ ಶೂನ್ಯದಲ್ಲೂ ಆ ಚೂರು ಅಲುಗಾಟ ಇದ್ದೇ ಇರುತ್ತದೆ. ದೊಡ್ಡ ಕ್ಷೇತ್ರ ತುಯ್ದಾಗಲೆಲ್ಲ ಅದಕ್ಕೆ ತಳುಕು ಹಾಕಿಕೊಂಡ ಬೇರೆ ಕ್ಷೇತ್ರಗಳ ಲಯ ಏರುಪೇರಾಗುತ್ತದೆ. ತಾಳ ಕೂಡಿದರೆ ಅಲುಗಾಟ ಬೆಳೆಯುತ್ತದೆ. ಹಾಗೆ ಬೆಳೆದ ಅಲುಗಾಟವೇ ಕಣಗಳು.

ಸ್ವಾರಸ್ಯವೆಂದರೆ ಈ ಲೆಕ್ಕದ ತಿರುಳು ಭಾರತಕ್ಕೆ ಹಳೆಯದು. ಮುಂದೆ ಬೆಂಗಳೂರಿನಲ್ಲಿ ಸಂಶೋಧನಾಲಯ ಕಟ್ಟಿದ ಸಿ.ವಿ. ರಾಮನ್, ಹಣಕಾಸು ಇಲಾಖೆಯ ನೌಕರಿಯಲ್ಲಿದ್ದಾಗಲೇ, 1909ರ ಸುಮಾರಿಗೆ, ಶ್ರುತಿಕವೆಗೆ ದಾರ ಕಟ್ಟಿ ಅದರ ಬಿಗಿತವನ್ನು ಏರಿಳಿಸಿ ನೋಡುತ್ತಿದ್ದರು. ದಾರದ ಮಿಡಿತದ ಇಮ್ಮಡಿ ವೇಗದಲ್ಲಿ ಬಿಗಿತ ಬದಲಾದಾಗ ದಾರ ಮಿಡಿಯುವುದು ಆಗಲೇ ಗೊತ್ತಿತ್ತು. ಸಮವೇಗದಲ್ಲೂ, ಮೂರರಲ್ಲಿ ಎರಡು ಪಾಲು ವೇಗದಲ್ಲೂ ಮಿಡಿಯುತ್ತದೆಂದು ರಾಮನ್ ತೋರಿಸಿದರು. ವಿಶ್ವದ ಲೆಕ್ಕದಲ್ಲಿಯೂ ಇಂಥವೇ ಪಟ್ಟಿಗಳು ಬರುತ್ತವೆ.

ಆ ಲೆಕ್ಕವನ್ನು 1990ರಲ್ಲಿ ಜೆನ್ನಿ ಟ್ರಾಶೆನ್, ರಾಬರ್ಟ್ ಬ್ರಾಂಡೆನ್‌ಬರ್ಗರ್ ತೆರೆದರು. 1994ರಲ್ಲಿ ಕೋಫ್‌ಮನ್, ಲಿಂಡೆ, ಸ್ಟಾರೊಬಿನ್‌ಸ್ಕಿ ವಿಸ್ತರಿಸಿದರು. ವಿಶ್ವ ಹಿಗ್ಗುತ್ತಲೇ ಇರುವುದರಿಂದ ಅಲೆಗಳು ಜಗ್ಗಿ ತಾಳ ಪದೇ ಪದೇ ತಪ್ಪುತ್ತದೆ, ಆಗಾಗ ಕಣಗಳ ಸಂಖ್ಯೆ ಇಳಿಯುವುದೂ ಉಂಟು. ಆದರೂ ತುಯ್ದಾಟ ಜೋರಾಗಿದ್ದರೆ ಒಟ್ಟು ಲೆಕ್ಕ ಏರಿಕೆಯದೇ. ಈ ಬಡ್ಡಿ ವ್ಯವಹಾರ ಸತ್ಯೇಂದ್ರನಾಥ ಬೋಸ್ ಹೆಸರಿನ ಬೋಸಾನ್‌ಗಳಿಗೆ ಮಾತ್ರ. ಎಲೆಕ್ಟ್ರಾನಿನ ಜಾತಿಯವು ಒಂದು ಸ್ಥಾನದಲ್ಲಿ ಒಂದಕ್ಕಿಂತ ಹೆಚ್ಚು ನಿಲ್ಲವು. ಅವು ಬಹುಪಾಲು ಆಮೇಲಿನ ತಾಕಲಾಟ, ಒಡೆತಗಳಿಂದ ಬಂದಿರಬೇಕು.

ಇದೆಲ್ಲ ಇನ್ನೂ ಕಾಗದದ ಮೇಲಿನ ಲೆಕ್ಕ. ಮೊದಲ 3.8 ಲಕ್ಷ ವರ್ಷ ವಿಶ್ವ ಮಂಜು ಕವಿದಂತಿದ್ದುದರಿಂದ ಅದಕ್ಕೂ ಹಿಂದಿನ ಬೆಳಕು ನಮಗೆ ತಲುಪದು. ಆ ತುಯ್ದಾಟ ಎಬ್ಬಿಸಿದ ಗುರುತ್ವದ ಅಲೆಗಳು ಉಳಿದಿರಬಹುದು. ಆದರೆ ಅವುಗಳ ಕಂಪನ ಬಲು ತೀವ್ರ, ಈಗಿನ ಉಪಕರಣಗಳ ಕಿವಿಗೆ ಮೀರಿದ್ದು.