ಎಸಿ ಆರಿಸಿ, ಬೇಳೆಗೆ ಇಡ್ತೀನಿ

‘ರೀ, ಎಸಿ ಆರಿಸಿ, ಬೇಳೆಗೆ ಇಡ್ತೀನಿ’ ಎಂದು ಒಳಗಿನಿಂದ ದನಿ ಬಂತು. ಹೊರಗೆ ಮಡಚು ಕುರ್ಚಿಯಲ್ಲಿ ಕೂತು ನನ್ನೊಡನೆ ಹರಟುತ್ತಿದ್ದ ಯಜಮಾನರು ಮಾತು ಅಲ್ಲಿಗೇ ಬಿಟ್ಟು ಎದ್ದು ಹೋದರು. ಅಮೆರಿಕದ ಯೂಟಾ ರಾಜ್ಯ, ಬ್ರೈಸ್ ಕ್ಯಾನ್ಯನ್ ಪಕ್ಕದ ಖಾಸಗಿ ಕ್ಯಾಂಪ್‌ಗ್ರೌಂಡ್. ಹಾಸನ ಕಡೆಯ ಈ ದಂಪತಿ ನಿವೃತ್ತರಾದ ಮೇಲೆ ಕ್ಯಾಲಿಫೋರ್ನಿಯಾದ ಮನೆ ಬಾಡಿಗೆಗೆ ಕೊಟ್ಟು, ವರ್ಷದ ಬಹುಪಾಲು ಆರ್‌ವಿಯಲ್ಲೇ, ಎಂದರೆ ಅಡುಗೆ ಕಟ್ಟೆ, ಹಾಸಿಗೆ ಎಲ್ಲ ಇರುವ ಮನೆಗಾಡಿಯಲ್ಲೇ ಕಳೆಯುತ್ತಾರೆ. ಇಬ್ಬರಿಗೂ ಸಕ್ಕರೆ ಕಾಯಿಲೆ, ಯಜಮಾನರಿಗೆ ಬಿಪಿ ಬೇರೆ. ಹೆದ್ದಾರಿಯ ಬರ್ಗರ್ ತಿಂದುಕೊಂಡು ತಿರುಗುವ ವಯಸ್ಸಲ್ಲ. ಆ ಕೆಂಪು ಕಲ್ಲುಕಂಬಗಳ ಕಣಿವೆಯನ್ನು ಕಣ್ತುಂಬಿಕೊಂಡು ಬಂದಿದ್ದೇನೆ ನಿಜ, ಆದರೆ ಮನಸ್ಸು ಇನ್ನೂ ಸುತ್ತುತ್ತಿರುವುದು ಅವರ ಮೂರು ಅಡಿ ಉದ್ದದ ಅಡುಗೆ ಕಟ್ಟೆಯ ಸುತ್ತಲೇ.

ಬೇಳೆಗೂ ಎಸಿಗೂ ಏನು ಸಂಬಂಧ? ಕ್ಯಾಂಪ್‌ಗ್ರೌಂಡ್ ಕಂಬದಿಂದ ಇಂಥ ಗಾಡಿಗೆ ಸಿಗುವುದು 30 ಆಂಪ್ ಸಂಪರ್ಕ. ಅಲ್ಲಿನ 120 ವೋಲ್ಟ್‌ನಿಂದ ಗುಣಿಸಿದರೆ 3,600 ವ್ಯಾಟ್. ನಮ್ಮ ಮನೆಗಳಲ್ಲಿ ಗೀಸರ್‌ಗೆಂದು ಹಾಕಿಸುವ 16 ಆಂಪ್ ಸಾಕೆಟ್ ಒಂದೇ 230 ವೋಲ್ಟ್‌ನಲ್ಲಿ 3,680 ವ್ಯಾಟ್ ಕೊಡುತ್ತದೆ. ನಮ್ಮ ಒಂದು ಗೀಸರ್ ಪಾಯಿಂಟ್‌ನಷ್ಟು ಕರೆಂಟಿನಲ್ಲಿ ಅಲ್ಲಿ ಇಡೀ ಸಂಸಾರ ನಡೆಯಬೇಕು. ಛಾವಣಿಯ ಎಸಿಗೆ ಸುಮಾರು 1,500 ವ್ಯಾಟ್, ಇಂಡಕ್ಷನ್ ಒಲೆಗೆ ಪೂರ್ತಿ ಉರಿಯಲ್ಲಿ 1,800. ಅದರ ಮೇಲೆ ಮೈಕ್ರೊವೇವ್ ಒತ್ತಿದಿರೋ, ಬ್ರೇಕರ್ ಬಿತ್ತು. ಬಸ್ಸಿನಷ್ಟು ದೊಡ್ಡ ಗಾಡಿಗಳಿಗೆ 50 ಆಂಪ್‌ನ ಎರಡು ಲೈನ್ ಸೇರಿ 12,000 ವ್ಯಾಟ್ ಬರುತ್ತದೆ. ಆ ಗಾಡಿಗಳವರ ಚಿಂತೆ ಬೇರೆ.

ಆರ್‌ವಿಯಲ್ಲಿ ಆರೋಗ್ಯದ ಊಟ ಎಂದರೆ ಎಲ್ಲರೂ ಕೊಡುವ ಸಲಹೆ ಒಂದೇ: ಇಂಥ ಏರ್‌ಫ್ರೈಯರ್ ಕೊಳ್ಳಿ, ಇಂಥ ಬ್ಲೆಂಡರ್ ಕೊಳ್ಳಿ. ನನಗೆ ಈ ಮಾತಿನಲ್ಲಿ ನಂಬಿಕೆಯಿಲ್ಲ. ಏರ್‌ಫ್ರೈಯರ್ ಎಂದರೆ ಫ್ಯಾನ್ ಇರುವ ಪುಟ್ಟ ಓವನ್. ಅದೂ 1,500 ವ್ಯಾಟ್ ಆಸುಪಾಸು ಎಳೆಯುತ್ತದೆ, ಡಬ್ಬಿಯಂಥ ಕೋಣೆಯನ್ನು ಕಾಯಿಸುತ್ತದೆ, ಎಸಿ ಮತ್ತೆ ಬೇಕಾಗುತ್ತದೆ. ಬ್ರೇಕರ್ ನಾಲ್ಕು ಸಲ ಬಿದ್ದ ಮೇಲೆ ಜನ ಡಬ್ಬಿ ಸೂಪಿಗೆ ಬಂದು ನಿಲ್ಲುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉಪ್ಪಿನ ಮಿತಿ ದಿನಕ್ಕೆ 5 ಗ್ರಾಂ, ಎಂದರೆ 2,000 ಮಿಲಿಗ್ರಾಂ ಸೋಡಿಯಂ. ಅಲ್ಲಿನ ಎಷ್ಟೋ ಡಬ್ಬಿ ಸೂಪುಗಳ ಲೇಬಲ್ ಓದಿದರೆ ಅದರ ಮೂರನೇ ಒಂದು ಪಾಲು ಒಂದೇ ಬಟ್ಟಲಲ್ಲಿ ಮುಗಿದಿರುತ್ತದೆ. ಬೇಳೆ, ಕಾಳು, ತರಕಾರಿ ದಿನವೂ ತಾಜಾ ಬೇಯಬೇಕಾದರೆ ಕಡಿಮೆ ಕರೆಂಟಿನಲ್ಲಿ, ಕಡಿಮೆ ಗ್ಯಾಸಿನಲ್ಲಿ, ಕಡಿಮೆ ನೀರಿನಲ್ಲಿ ಬೇಯಿಸುವ ಪಾತ್ರೆಯನ್ನೇ ಮೊದಲು ಹುಡುಕಬೇಕು.

ಈ ವಾಹನಗಳ ಕಥೆ ಹಳೆಯದು. 1910ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪಿಯರ್ಸ್-ಆ್ಯರೋ ಕಂಪನಿ ತೋರಿಸಿದ ಟೂರಿಂಗ್ ಲ್ಯಾಂಡೋ ಕಾರಿನಲ್ಲಿ ಹಿಂದಿನ ಸೀಟು ಹಾಸಿಗೆಯಾಗುತ್ತಿತ್ತು, ಚಾಲಕನ ಸೀಟಿನ ಬೆನ್ನಿನಿಂದ ಸಿಂಕ್ ಬಿಚ್ಚಿಕೊಳ್ಳುತ್ತಿತ್ತು. ಮೂವತ್ತರ ದಶಕದಲ್ಲಿ ಏರ್‌ಸ್ಟ್ರೀಮ್‌ನ ಬೆಳ್ಳಿ ಬಣ್ಣದ ಟ್ರೇಲರ್ ಬಂತು. 1966ರಲ್ಲಿ ವಿನೆಬೇಗೊ ಕಂಪನಿ ಮೋಟರ್‌ಹೋಮ್ ತಯಾರಿಸತೊಡಗಿದ ಮೇಲೆ ಇದು ಮಧ್ಯಮ ವರ್ಗದ ಕನಸಾಯಿತು. ಇಂದು ಹೆಚ್ಚಿನವು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ ತಯಾರಾಗುತ್ತವೆ. ಅಡುಗೆ ಕಟ್ಟೆ ಮಾತ್ರ ಫ್ರೋಜನ್ ಪಿಜ್ಜಾ ಬಿಸಿಮಾಡುವವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು ಎಂದು ಒಳಗೆ ಕಾಲಿಟ್ಟ ಕೂಡಲೇ ಅನ್ನಿಸುತ್ತದೆ.

ಬ್ರೈಸ್‌ನಲ್ಲಿ ಇನ್ನೊಂದು ತೊಡಕಿದೆ. ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿ ನೀರು 92 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಕರಗಲು ತುಂಬ ಹೊತ್ತು ಹಿಡಿಯುತ್ತದೆ. ಈ ಮನೆಯ ಅಮ್ಮನವರ ಬಳಿ ಎರಡು ಕುಕ್ಕರ್ ಇವೆ. ಒಂದು 3 ಕ್ವಾರ್ಟ್‌ನ ಪುಟ್ಟ ಎಲೆಕ್ಟ್ರಿಕ್ ಕುಕ್ಕರ್ ಇನ್‌ಸ್ಟಂಟ್ ಪಾಟ್, 700 ವ್ಯಾಟ್‌ನದು. ಇನ್ನೊಂದು ಊರಿನಿಂದ ಬಂದ 3 ಲೀಟರ್ ಕೂಗುವ ಕುಕ್ಕರ್. ಕೂಗುವ ಕುಕ್ಕರಿನ ತೂಕ ಹೊರಗಿನ ಗಾಳಿಯ ಮೇಲೆ ಇನ್ನೂ 15 ಪಿಎಸ್‌ಐ ಒತ್ತಡ ಹಾಕುತ್ತದೆ, ಎಲೆಕ್ಟ್ರಿಕ್ಕಿನದು 11ರ ಆಸುಪಾಸು. ಆ ಎತ್ತರದಲ್ಲಿ ಕೂಗುವ ಕುಕ್ಕರಿನ ಒಳಗೆ ಸುಮಾರು 117 ಡಿಗ್ರಿ, ಎಲೆಕ್ಟ್ರಿಕ್ಕಿನದರಲ್ಲಿ 112. ಹುರುಳಿಕಾಳು ಬೇಯಿಸುವವರಿಗೆ ಈ ಐದು ಡಿಗ್ರಿಯ ಬೆಲೆ ಗೊತ್ತು. ನನ್ನ ಮತ ಹಳೆಯ ಕುಕ್ಕರಿಗೇ. ಡಬ್ಬಿಯ ಮೇಲೆ ಡಬ್ಬಿ ಇಟ್ಟು ಅನ್ನ, ಬೇಳೆ, ಬೀನ್ಸ್ ಒಟ್ಟಿಗೇ ಇಳಿಸಬಹುದು. ತೊಳೆಯುವ ಪಾತ್ರೆ ಕಡಿಮೆಯಾದಷ್ಟೂ ಕೊಳಚೆ ನೀರಿನ ಟ್ಯಾಂಕ್ ನಿಧಾನವಾಗಿ ತುಂಬುತ್ತದೆ.

ಆದರೆ ನನ್ನನ್ನು ಮರುಳು ಮಾಡಿದ್ದು ಇವೆರಡೂ ಅಲ್ಲ. ಸಿಂಕ್ ಕೆಳಗಿನ ಕಪಾಟಿನಿಂದ ಅಮ್ಮನವರು ಒಂದು ದಪ್ಪ ಸ್ಟೀಲ್ ಡ್ರಮ್ ತೆಗೆದರು. ಅದಕ್ಕೆ ವೈರ್ ಇಲ್ಲ, ಸ್ವಿಚ್ ಇಲ್ಲ. ಒಳಗೊಂದು ಪಾತ್ರೆ, ಹೊರಗೆ ಫ್ಲಾಸ್ಕಿನ ಹಾಗೆ ನಿರ್ವಾತದ ಗೋಡೆ. ಥರ್ಮಲ್ ಕುಕ್ಕರ್ ಅಂತೆ. ಬೆಳಗ್ಗೆ ಹೆಸರುಬೇಳೆ, ನುಚ್ಚಕ್ಕಿ, ಕ್ಯಾರೆಟ್, ಮೆಂತ್ಯ ಸೊಪ್ಪು ಹಾಕಿ ಒಳಪಾತ್ರೆಯನ್ನು ಗ್ಯಾಸಿನ ಮೇಲೆ ಹತ್ತು ನಿಮಿಷ ಕುದಿಸಿ, ಡ್ರಮ್ಮಿನೊಳಗೆ ಇಳಿಸಿ ಮುಚ್ಚಿ, ಗಾಡಿ ಹೊರಡಿಸುತ್ತಾರೆ. ನಾಲ್ಕು ಗಂಟೆ ಕಳೆದು ಎಲ್ಲಿ ನಿಲ್ಲಿಸಿದರೆ ಅಲ್ಲಿ ಊಟ ಸಿದ್ಧ. ಅವರು ಮುಚ್ಚಳ ತೆಗೆದಾಗ ಮುಖಕ್ಕೆ ಹಬೆ ಬಡಿಯಿತು. ಮಧ್ಯಾಹ್ನ ಅದನ್ನೇ ಉಂಡೆವು, ಮೇಲೆ ನಿಂಬೆಹಣ್ಣು ಹಿಂಡಿಕೊಂಡು.

ಬೆಂಗಳೂರಿಗೆ ಮರಳಿದ ಮೇಲೆ ಇದರ ಹಿಂದೆ ಬಿದ್ದೆ. 1867ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ನಾರ್ವೆಯ ಯೊಹಾನ್ ಸೊರೆನ್ಸನ್ ಎಂಬಾತ ತಾನಾಗಿ ಬೇಯಿಸುವ ಪೆಟ್ಟಿಗೆಯೊಂದನ್ನು ಇಟ್ಟಿದ್ದನಂತೆ. ಮರದ ಪೆಟ್ಟಿಗೆ, ಒಳಗೆ ದಪ್ಪ ಉಣ್ಣೆಯ ಹೊದಿಕೆ, ನಡುವೆ ಕುದಿಯುವ ಪಾತ್ರೆ. ಬಡವರ ಮನೆಯಲ್ಲಿ ಉಣ್ಣೆಯ ಜಾಗಕ್ಕೆ ಒಣಹುಲ್ಲು ತುರುಕುತ್ತಿದ್ದರು. ಮಹಾಯುದ್ಧಗಳ ಕಾಲದಲ್ಲಿ ಬ್ರಿಟನ್ನಿನ ಗೃಹಿಣಿಯರು ಕಲ್ಲಿದ್ದಲು ಉಳಿಸಲು ಇದೇ ಹುಲ್ಲುಪೆಟ್ಟಿಗೆಯಲ್ಲಿ ಗಂಜಿ ಬೇಯಿಸಿದರು. ಜಪಾನಿನವರು ಹುಲ್ಲು ತೆಗೆದು ನಿರ್ವಾತ ಹಾಕಿದರು, ಅಷ್ಟೇ ವ್ಯತ್ಯಾಸ. ಸೀಮೆಎಣ್ಣೆಗೆ ಸಾಲು ನಿಂತ ನಮ್ಮ ಮನೆಗಳಿಗೆ ಆಗಲೇ ಯಾರಾದರೂ ಇದನ್ನು ತೋರಿಸಿಕೊಟ್ಟಿದ್ದರೆ ಎಷ್ಟು ಉಪಕಾರವಾಗುತ್ತಿತ್ತು ಎಂದು ಇನ್ನೂ ಹೊಟ್ಟೆಯುರಿಯುತ್ತದೆ.

ಇದಕ್ಕೂ ಕಟ್ಟುಪಾಡುಗಳಿವೆ, ಅವನ್ನು ಮೀರುವಂತಿಲ್ಲ. ಪಾತ್ರೆ ಮುಕ್ಕಾಲಾದರೂ ತುಂಬಿರಬೇಕು, ಅರ್ಧಕ್ಕಿಂತ ಕಡಿಮೆಯಿದ್ದರೆ ಬಿಸಿ ನಿಲ್ಲುವುದಿಲ್ಲ. ಬಡಿಸುವ ಹೊತ್ತಿಗೆ ಒಳಗಿನ ಬಿಸಿ 60 ಡಿಗ್ರಿಗಿಂತ ಕೆಳಗಿಳಿದಿರಬಾರದು, ಅದರ ಕೆಳಗೆ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಅಮ್ಮನವರು ಚುಚ್ಚುವ ಥರ್ಮಾಮೀಟರ್ ಇಟ್ಟುಕೊಂಡಿದ್ದಾರೆ. ರಾಜ್ಮಾವನ್ನಂತೂ ನೇರವಾಗಿ ಇದರಲ್ಲಾಗಲಿ, ಸ್ಲೋ ಕುಕ್ಕರಿನಲ್ಲಾಗಲಿ ಬೇಯಲು ಬಿಡಲೇಬಾರದು. ಅದರಲ್ಲಿರುವ ಲೆಕ್ಟಿನ್ ಎಂಬ ವಿಷಾಂಶ ಮಂದ ಬಿಸಿಯಲ್ಲಿ ನಾಶವಾಗುವುದಿಲ್ಲ, ವಾಂತಿ ಭೇದಿ ಗ್ಯಾರಂಟಿ. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕುದಿಸಬೇಕು ಎನ್ನುತ್ತದೆ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ. ಕೂಗುವ ಕುಕ್ಕರ್ ಇರುವಾಗ ರಾಜ್ಮಾಕ್ಕೆ ಬೇರೆ ದಾರಿ ಯಾಕೆ ಬೇಕು?

ಒಗ್ಗರಣೆ ಇನ್ನೊಂದೇ ಅಧ್ಯಾಯ. ಒಳಗೆ ಸಾಸಿವೆ ಸಿಡಿಸಿ ಒಣಮೆಣಸಿನಕಾಯಿ ಹಾಕಿದರೆ ಹೊಗೆ ಅಲಾರಂ ಹೊಡೆದುಕೊಳ್ಳುತ್ತದೆ, ಘಾಟು ಹಾಸಿಗೆಯವರೆಗೂ ಹೋಗುತ್ತದೆ. ಗ್ಯಾಸ್ ಉರಿದರೆ ನೈಟ್ರೋಜನ್ ಡೈಆಕ್ಸೈಡ್, ನೀರಾವಿ ಬೇರೆ. ಅಷ್ಟು ಚಿಕ್ಕ ಜಾಗದಲ್ಲಿ ಛಾವಣಿಯ ಕಿಂಡಿ ತೆರೆದು ಫ್ಯಾನ್ ಹಾಕದೆ ಒಲೆ ಹಚ್ಚಬಾರದು. ಹಾಗಾಗಿ ಒಗ್ಗರಣೆ ಹೊರಗಿನ ಮಡಚು ಮೇಜಿನ ಮೇಲೆ, ಪುಟ್ಟ ಬ್ಯುಟೇನ್ ಒಲೆಯಲ್ಲಿ. ಅಕ್ಟೋಬರ್‌ನ ಹಿಮದ ಬೆಳಗಿನಲ್ಲಿ ಅದು ಕೈಕೊಡುತ್ತದೆ, ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಗಾಡಿಯ ಪ್ರೋಪೇನ್‌ಗೆ ಆ ತೊಂದರೆಯಿಲ್ಲ, ಅದು ಮೈನಸ್ 42ರವರೆಗೂ ಆವಿಯಾಗುತ್ತದೆ. ಮುದ್ದೆ ಮಾತ್ರ ಯಾವ ಕಾಲದಲ್ಲೂ ಗಾಡಿಯ ಗ್ಯಾಸಿನ ಮೇಲೇ. ಇಂಡಕ್ಷನ್ ಗಾಜಿನ ಮೇಲೆ ಪಾತ್ರೆಯಿಟ್ಟು ಮುದ್ದೆ ಕೋಲಿನಿಂದ ತಿರುವಲು ಯಾರಿಗೆ ಧೈರ್ಯ ಬರುತ್ತದೆ?

ಬ್ರೈಸ್ ರಾಷ್ಟ್ರೀಯ ಉದ್ಯಾನದೊಳಗಿನ ಕ್ಯಾಂಪ್‌ಗ್ರೌಂಡುಗಳಲ್ಲಿ ಕರೆಂಟ್ ಕಂಬವೇ ಇಲ್ಲ. ಅಲ್ಲಿ ತಂಗುವ ದಿನ 200 ಆಂಪ್-ಅವರ್‌ನ ಲಿಥಿಯಂ ಬ್ಯಾಟರಿಯೇ ಗತಿ, ಎಂದರೆ ಸುಮಾರು ಎರಡೂವರೆ ಯೂನಿಟ್. ಇನ್‌ಸ್ಟಂಟ್ ಪಾಟ್‌ನಲ್ಲಿ ಬೇಳೆ ಬೇಯಲು ಕಾಲು ಯೂನಿಟ್ ಸಾಕಾಗುತ್ತದೆ ಎಂದು ಯಜಮಾನರು ಮೀಟರ್ ತೋರಿಸಿದರು. ಎಸಿ ಓಡಿಸಿದರೆ ಅದೇ ಬ್ಯಾಟರಿ ಎರಡು ಗಂಟೆಯೂ ಬಾಳದು. ಒಲೆಯ ಕೆಳಗಿನ ಗ್ಯಾಸ್ ಓವನ್ ಅವರಿಗೆ ಈಗ ರಾಗಿಹಿಟ್ಟಿನ ಕಪಾಟು.

ಒಂದು ವಾರಕ್ಕೆ ಆರ್‌ವಿ ಬಾಡಿಗೆ ಹಿಡಿದು ಮಕ್ಕಳು ಮೊಮ್ಮಕ್ಕಳ ಜೊತೆ ಸುತ್ತುವ ಕನ್ನಡಿಗರು ಈಗ ಬಹಳ. ಅವರಿಗೆ ನನ್ನ ಸಲಹೆ: ಇಲ್ಲಿಂದ ಮಿಕ್ಸಿ, ಎಲೆಕ್ಟ್ರಿಕ್ ರೈಸ್ ಕುಕ್ಕರ್ ಒಯ್ಯಬೇಡಿ, 230 ವೋಲ್ಟ್‌ನವು ಅಲ್ಲಿ ನಡೆಯುವುದಿಲ್ಲ. ಅಡಿ ಸ್ಟೀಲ್ ಆಗಿರುವ, ಇಂಡಕ್ಷನ್‌ಗೂ ಒಗ್ಗುವ 3 ಲೀಟರ್ ಕುಕ್ಕರ್ ಸೂಟ್‌ಕೇಸಿನಲ್ಲಿಡಿ, ಜೊತೆಗೆ ಒಂದು ಗ್ಯಾಸ್ಕೆಟ್ ಹೆಚ್ಚುವರಿ. ಥರ್ಮಲ್ ಕುಕ್ಕರ್ ಅಲ್ಲೇ ಕೊಂಡು ವಾಪಸ್ ತನ್ನಿ, ಅದಕ್ಕೆ ಯಾವ ವೋಲ್ಟೇಜಿನ ಹಂಗೂ ಇಲ್ಲ.