ಕಾಯಕದ ಕೈಗಳನ್ನು ಕಾಣುವ ಕಿರುಪ್ರವಾಸ

ಪ್ರವಾಸವೆಂದೊಡನೆ ನಮ್ಮ ಕುಟುಂಬಗಳಲ್ಲಿ ಎರಡು ಚಿತ್ರಗಳು ಮೂಡುತ್ತವೆ. ಬಸ್ಸು ತುಂಬ ಜನರು ಕುಳಿತು ಮೂರು ದಿನಗಳಲ್ಲಿ ಹತ್ತಾರು ಕ್ಷೇತ್ರಗಳನ್ನು ಮುಟ್ಟಿ ಬರುವ ಯಾತ್ರೆ ಒಂದು. ಬೆಟ್ಟ, ಕಡಲತೀರಗಳ ವಿಹಾರ ಮತ್ತೊಂದು. ಈಚೆಗೆ ಮೂರನೆಯ ಬಗೆಯೊಂದು ರೂಢಿಗೆ ಬರುತ್ತಿದೆ. ಹತ್ತು ಹನ್ನೆರಡು ಮಂದಿ ಒಟ್ಟುಗೂಡಿ, ನೇಯುವ, ಹೊಸೆಯುವ, ಹೆಣೆಯುವ ಕೈಗಳನ್ನು ಕಂಡು, ಆ ಸೀಮೆಯ ಅಡುಗೆಯನ್ನು ಉಂಡು ಬರುವ ಪ್ರವಾಸವದು. ಗುಜರಾತಿನ ಕಚ್ಛ್ ಪ್ರದೇಶದಲ್ಲಿ ಇದು ಈಗಾಗಲೇ ಬೇರೂರಿದೆ. ನಮ್ಮ ತುಮಕೂರು ಸೀಮೆಯಲ್ಲಿ ಇಂಥದನ್ನು ನಡೆಸಬಯಸುವವರು ಯಾವ ಕ್ರಮವನ್ನು ಪಾಲಿಸಬೇಕೆಂಬುದನ್ನು ಇಲ್ಲಿ ವಿಚಾರಿಸೋಣ.

ಕಸುಬುದಾರನ ಮನೆ ಬಾಗಿಲಿಗೆ ಹೋಗುವುದು ನಮಗೆ ಹೊಸತಲ್ಲ. ಜೇಡರ ದಾಸಿಮಯ್ಯಗಳು ಮಗ್ಗದ ಮುಂದೆ ಕುಳಿತವರು. ಮೇದಾರ ಕೇತಯ್ಯಗಳು ಬಿದಿರು ಸೀಳಿದವರು. ನುಲಿಯ ಚಂದಯ್ಯಗಳು ಹಗ್ಗ ಹೊಸೆದವರು. ಅಂಥವರ ಕಾಯಕವನ್ನು ಗೌರವದಿಂದ ಕಂಡ ಪರಂಪರೆ ನಮ್ಮದು. ಆದುದರಿಂದ ಇಂದಿನ ಕಸುಬುದಾರನನ್ನೂ ಪ್ರದರ್ಶನದ ವಸ್ತುವೆಂದು ಕಾಣದೆ, ಗೃಹಸ್ಥನೆಂದು ಕಾಣುವುದೇ ಈ ಪ್ರವಾಸದ ಮೊದಲ ನಿಯಮವಾಗಬೇಕು.

ತುಮಕೂರು, ಗುಬ್ಬಿ

ಎರಡು ದಿನಗಳ ಪ್ರವಾಸವಾದರೆ ಮೊದಲ ದಿನವನ್ನು ಈ ಎರಡು ಊರುಗಳಿಗೆ ಮೀಸಲಿಡಬಹುದು. ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದಲ್ಲಿರುವ ತುಮಕೂರನ್ನು ಹೊಗುವ ಮುನ್ನವೇ ಕ್ಯಾತ್ಸಂದ್ರ ಸಿಗುತ್ತದೆ. ಅಲ್ಲಿನ ತಟ್ಟೆ ಇಡ್ಲಿ ಹೆಸರುವಾಸಿ. ಅದರ ಪಕ್ಕದಲ್ಲೇ ಸಿದ್ಧಗಂಗಾ ಕ್ಷೇತ್ರವಿದೆ. ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 2019ರಲ್ಲಿ ಲಿಂಗೈಕ್ಯರಾದ ಮೇಲೂ ಅಲ್ಲಿ ಸಾವಿರಾರು ವಿದ್ಯಾರ್ಥಿಗಳಿಗೆ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹ ನಡೆಯುತ್ತಿದೆ. ಮಹಾಶಿವರಾತ್ರಿಯ ಕಾಲಕ್ಕೆ ಹೋದರೆ ದನಗಳ ಜಾತ್ರೆಯನ್ನೂ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನವನ್ನೂ ನೋಡಬಹುದು.

ಇಲ್ಲೊಂದು ಎಚ್ಚರಿಕೆ ಅವಶ್ಯ. ಮಠದ ಪ್ರಸಾದವನ್ನು ಪ್ರವಾಸದ ದರಪಟ್ಟಿಯಲ್ಲಿ 'ಮಧ್ಯಾಹ್ನದ ಊಟ' ಎಂದು ಸೇರಿಸಿ ಹಣ ಪಡೆಯುವುದು ಸಲ್ಲದು. ದಾಸೋಹ ಮಾರುವ ಸರಕಲ್ಲ. ಪ್ರಸಾದ ಸ್ವೀಕರಿಸಿದವರು ತಮ್ಮ ಶಕ್ತ್ಯನುಸಾರ ಕಾಣಿಕೆಯನ್ನರ್ಪಿಸಿ ಬರುವುದೇ ಯುಕ್ತ.

ಅಲ್ಲಿಂದ ಸುಮಾರು 20 ಕಿ.ಮೀ. ದೂರದ ಗುಬ್ಬಿಯತ್ತ ಸಾಗಿದರೆ ತೆಂಗು, ಅಡಕೆಗಳ ತೋಟಗಳು ಎದುರಾಗುತ್ತವೆ. ಉಂಡೆ ಕೊಬ್ಬರಿ ಮಾಡುವ ಕ್ರಮ ಮಕ್ಕಳಿಗೆ ತೋರಿಸತಕ್ಕದ್ದು. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಸದ್ದು ಮಾಡುವಾಗ ಕೊಬ್ಬರಿ ಸಿದ್ಧವಾಯಿತೆಂದರ್ಥ. ಸುಲಿದ ಮಟ್ಟೆ ನಾರಾಗಿ, ಹುರಿಯಾಗಿ, ಹಗ್ಗವಾಗುತ್ತದೆ. ಉದುರಿದ ಅಡಕೆಯ ಹಾಳೆ ಊಟದ ತಟ್ಟೆಯಾಗುತ್ತದೆ. ಒಂದು ಮರದ ಯಾವ ಭಾಗವೂ ವ್ಯರ್ಥವಾಗದ ಈ ಬಾಳ್ವೆಯನ್ನು ಪುಸ್ತಕದಿಂದ ಕಲಿಸಲು ಸಾಧ್ಯವೇ? 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯನ್ನೂ, ಅದನ್ನು ನಾಡಿನಲ್ಲೆಲ್ಲ ಬೆಳಗಿಸಿದ ಗುಬ್ಬಿ ವೀರಣ್ಣನವರನ್ನೂ ಇಲ್ಲಿ ನೆನೆಯಬೇಕು. ಬಣ್ಣದ ಪರದೆ, ಉಡುಗೆ, ಕಿರೀಟಗಳ ಹಿಂದೆಯೂ ಕಸುಬುದಾರರ ಕೈಗಳಿದ್ದುವು.

ಕುಣಿಗಲ್ ಸೀಮೆ

ಎರಡನೆಯ ದಿನ ತುಮಕೂರಿನಿಂದ ಕುಣಿಗಲ್ಲಿನ ಹಾದಿ ಹಿಡಿದರೆ ಗೂಳೂರಿನ ಬಳಿ ಕೈದಾಳವಿದೆ. ಶಿಲ್ಪಿ ಜಕಣಾಚಾರಿಗೆ ಕಳೆದುಕೊಂಡ ಕೈ ಮರಳಿ ಬಂದುದು ಇಲ್ಲಿಯ ಚೆನ್ನಕೇಶವನ ಸನ್ನಿಧಿಯಲ್ಲಿ ಎಂಬುದು ಐತಿಹ್ಯ. ಕೈಯ ಹೆಸರನ್ನೇ ಹೊತ್ತ ಈ ಊರಿನಿಂದ ದಿನವನ್ನು ಆರಂಭಿಸುವುದು ಉಚಿತ.

ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಕುಟುಂಬಗಳಿವೆ. ಸೀರೆಯ ಕಥೆ ಮಗ್ಗದಲ್ಲಿ ಮೊದಲಾಗುವುದಿಲ್ಲ, ಇಲ್ಲಿ ಮೊದಲಾಗುತ್ತದೆ. ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ರೈತರು ಇದಕ್ಕೆ 'ಜ್ವರ' ಎನ್ನುತ್ತಾರೆ. ನಾಲ್ಕು ಜ್ವರ ಕಳೆದು ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ ಅದು ಗೂಡು ಕಟ್ಟುತ್ತದೆ. ಆ ಚಂದ್ರಿಕೆ ಬಿದಿರಿನದಾದರೆ ಅದರಲ್ಲಿ ಕೇತಯ್ಯಗಳ ಕಸುಬು ಇಂದಿಗೂ ಉಳಿದಿದೆಯೆನ್ನಬಹುದು. ಒಂದೊಂದು ಗೂಡಿನಲ್ಲಿಯೂ ನೂರಾರು ಮೀಟರ್ ಉದ್ದದ ಒಂದೇ ಎಳೆ ಇರುತ್ತದೆ.

ತಂಡ ಚಿಕ್ಕದಾಗಿರಬೇಕೆನ್ನಲು ಇಲ್ಲಿಯೇ ಕಾರಣವಿದೆ. ಹುಳುಮನೆಗೆ ಹೊರಗಿನ ಸೋಂಕು, ಹೊಗೆ, ಸುಗಂಧದ್ರವ್ಯಗಳು ಆಗಿಬರುವುದಿಲ್ಲ. ನಲವತ್ತು ಜನ ಒಮ್ಮೆಲೆ ನುಗ್ಗಿದರೆ ಒಂದು ಕುಟುಂಬದ ತಿಂಗಳ ದುಡಿಮೆ ಹಾಳಾಗಬಹುದು. ಮೊದಲೇ ತಿಳಿಸಿ, ಅನುಮತಿ ಪಡೆದು, ಕೈಕಾಲು ತೊಳೆದು, ನಾಲ್ಕೈದು ಮಂದಿಯಾಗಿ ಒಳಹೋಗತಕ್ಕದ್ದು. ಮಧ್ಯಾಹ್ನದ ಊಟವನ್ನು ಯಾವುದಾದರೊಂದು ಮನೆಯಲ್ಲಿ ಹಣ ಕೊಟ್ಟು ಮಾಡಿಸಬಹುದು. ರಾಗಿಮುದ್ದೆ, ಬಸ್ಸಾರು, ಹುಚ್ಚೆಳ್ಳು ಚಟ್ನಿ, ಚಳಿಗಾಲವಾದರೆ ಅವರೆಕಾಳಿನ ಸಾರು! ಸಂಜೆಯ ಹೊತ್ತಿಗೆ ಎಡೆಯೂರು ತಲಪಿ ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆಯ ದರ್ಶನ ಪಡೆಯಬಹುದು. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ರೇಷ್ಮೆ ಮಗ್ಗಗಳು ಜಿಲ್ಲೆಯ ಉತ್ತರದ ತುದಿಯಲ್ಲಿರುವುದರಿಂದ ಅದಕ್ಕೆ ಬೇರೆಯೇ ಪ್ರವಾಸ ಬೇಕು.

ಬೆಲೆಯ ಪ್ರಶ್ನೆ

ಇಂಥ ಪ್ರವಾಸಗಳು ಎಡವುವುದು ಹಣದ ವಿಷಯದಲ್ಲಿ. ತಂಡವನ್ನು ಕರೆತಂದವನಿಗೆ ಸಾವಿರಾರು ರೂಪಾಯಿ ಸಂದಾಯವಾಗಿ, ಅರ್ಧ ದಿನ ಕೆಲಸ ನಿಲ್ಲಿಸಿ ವಿವರಿಸಿದ ಕಸುಬುದಾರನಿಗೆ ಒಂದು ನಮಸ್ಕಾರ ಮಾತ್ರ ಉಳಿದರೆ ಅದು ಅನ್ಯಾಯ. ಅವನ ಹೊತ್ತಿಗೆ ಕೂಲಿಯನ್ನು ಮೊದಲೇ ಗೊತ್ತುಮಾಡಿ, ಅವನ ಕೈಗೇ ಕೊಡಬೇಕು. ಪೇಟೆಯ ಅಂಗಡಿಯಲ್ಲಿ ಮರುಮಾತಿಲ್ಲದೆ ಹಣ ತೆರುವ ನಾವು ಹಗ್ಗ, ಕಂಬಳಿ, ಬುಟ್ಟಿಗಳ ಮುಂದೆ ಚೌಕಾಸಿಗೆ ಇಳಿಯುವುದೇಕೆ? ಹಾಗೆಂದು ಕನಿಕರದಿಂದ ಹೆಚ್ಚು ಕೊಡುವುದೂ ಬೇಡ. ಚಂದಯ್ಯಗಳ ಹಗ್ಗಕ್ಕೆ ತಕ್ಕ ಬೆಲೆಗಿಂತ ಮಿಗಿಲಾದ ಹೊನ್ನು ಬಂದಾಗ ಅವರು ಒಲ್ಲೆನೆಂದ ಕಥೆ ನಮ್ಮಲ್ಲಿ ಪ್ರಸಿದ್ಧ. ಕಾಯಕ ಬಯಸುವುದು ನ್ಯಾಯವಾದ ಬೆಲೆಯನ್ನು, ಭಿಕ್ಷೆಯನ್ನಲ್ಲ.

ಪ್ರಯಾಣಿಕರ ಸೇವೆಯಲ್ಲಿ ಈ ಸೀಮೆಗೆ ಹಿರಿಯ ಮೇಲ್ಪಂಕ್ತಿಯೂ ಇದೆ. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಸಮೀಪ ಕಟ್ಟಿಸಿದ ಛತ್ರ 1903ರಲ್ಲಿ ಆರಂಭವಾಯಿತು. ದೂರದಿಂದ ಬಂದವರಿಗೆ ಇಳಿದುಕೊಳ್ಳಲು ಎಡೆಯಿರಲೆಂಬುದು ಅವರ ಉದ್ದೇಶವಾಗಿತ್ತು. ಅದೇ ಮನೋಭಾವದಿಂದ ನಮ್ಮ ಓದಿದ ತರುಣ ತರುಣಿಯರು ಈ ಕೆಲಸಕ್ಕೆ ಮುಂದಾದರೆ ಊರಿನಲ್ಲೇ ನಿಂತು ಜೀವನೋಪಾಯ ಕಂಡುಕೊಳ್ಳಬಹುದು. ತಂದೆಯ ಕಸುಬನ್ನು ಕಾಣಲು ನಾಲ್ಕು ಜನ ಗೌರವದಿಂದ ಮನೆಗೆ ಬರುವುದನ್ನು ಕಂಡ ಮಗನಿಗೆ ಆ ಕಸುಬಿನಲ್ಲಿ ಅಭಿಮಾನ ಮೂಡೀತು. ಬರುವ ಬೇಸಗೆಯ ರಜೆಯಲ್ಲಿ ಓದುಗ ಬಂಧುಗಳು ಮಕ್ಕಳೊಡನೆ ಇಂಥದೊಂದು ಪ್ರವಾಸವನ್ನು ಕೈಗೊಳ್ಳಲಿ ಎಂಬುದೇ ನಮ್ಮ ಆಶಯ.